ಬೀಗ ಹಾಕಿದ ಮನೆ

ಹನಕೆರೆ ದಾಟುವಾಗ ರೈಲಿನ ಕಿಟಕಿಯಿಂದ ಆಲೆಮನೆಯ ಹೊಗೆ ನುಗ್ಗಿತು. ಬೆಲ್ಲದ ಪಾಕದ ಸಿಹಿ, ಅದರ ಹಿಂದೆಯೇ ಗಂಟಲು ಕೆರೆಯುವ ಕಬ್ಬಿನ ಸಿಪ್ಪೆಯ ಕಮಟು. ಎದುರಿಗಿದ್ದವರು ‘ಆಹಾ’ ಎಂದರು. ನನಗೆ ನಮ್ಮ ಮೇಡಂ ನೆನಪಾದರು...

ನನಗೆ ಜೈವಿಕ ಸಂಖ್ಯಾಶಾಸ್ತ್ರ ಕಲಿಸಿದವರು ಅವರು. ಲೆಕ್ಕಕ್ಕಿಂತ ಹಟವನ್ನೇ ಹೆಚ್ಚು ಕಲಿಸಿದರು. ಮದ್ದೂರು ಸುತ್ತಿನ ಹಳ್ಳಿಗಳಲ್ಲಿ ಎಷ್ಟು ಜನರಿಗೆ ಕೆಮ್ಮು, ಉಬ್ಬಸ ಇದೆ ಎಂಬುದು ನನ್ನ ಸಂಶೋಧನೆ. ಮನೆಗಳಿಗೆಲ್ಲ ನಂಬರು ಕೊಟ್ಟು ಚೀಟಿ ಎತ್ತುತ್ತಿದ್ದೆವು; ಬಂದ ಮನೆಗೇ ಹೋಗಬೇಕು. ಒಂದು ಊರಲ್ಲಿ ಚೀಟಿಯಲ್ಲಿ ಬಂದ ಮನೆಗಳಿಗೆಲ್ಲ ಬೀಗ ಹಾಕಿತ್ತು. ಮನೆಯವರು ಆಲೆಮನೆ ಕೆಲಸಕ್ಕೆ ಹೋಗಿದ್ದರು.

ಬಿಸಿಲಲ್ಲಿ ನಿಂತಿದ್ದ ನಮ್ಮನ್ನು ನೋಡಲಾರದೆ ಊರ ಯಜಮಾನರು ಕರೆದರು. “ಅವ್ರೆಲ್ಲಿ ಸಿಕ್ಕಾರು ಕಣಮ್ಮ, ಬುಡಿ. ಪಕ್ಕದ ಮನೇಲಿ ಬರ್ಕೊಳಿ. ಎಲ್ಲಾ ಒಂದೇಯ.”

“ಎಂಗ್ ಒಂದಾಯ್ತದೆ ಯಜಮಾನ್ರೇ?” ಎಂದರು ಮೇಡಂ. “ಒಲೆ ಮುಂದೆ ಕೂತೋರು ಅವ್ರು, ಜಗುಲಿ ಮೇಲೆ ಕೂತೋರು ಇವ್ರು.”

ಯಜಮಾನರು ಕೊಟ್ಟ ಮಜ್ಜಿಗೆಯನ್ನು ಮೇಡಂ ಕುಡಿದರು, ಪಕ್ಕದ ಮನೆಯ ಹೊಸ್ತಿಲು ಮಾತ್ರ ತುಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಂದು ಬೀಗ ತೆಗೆದ ಹೆಂಗಸು ಕೆಮ್ಮಿ ಸುಧಾರಿಸಿಕೊಂಡು, “ನಮ್ಮನ್ಯಾರವ್ವ ಕೇಳಾರು? ಬಾಗ್ಲು ನೋಡ್ಕೊಂಡು ಓಯ್ತಾರೆ” ಅಂದಳು. ಮೇಡಂ ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು.

ಕೆಲಸ ತಡವಾಯಿತೆಂದು ಮೇಲಿನವರು ರೇಗಿದರು. ಬೀಗದ ಮನೆಗಳನ್ನು ಬಿಟ್ಟು ವರದಿ ಮುಗಿಸಿ, ಊರ ಉಸಾಬರಿ ನಿಮಗ್ಯಾಕೆ ಎಂದರು. “ಮನೇಲಿ ಸಿಕ್ಕೋರನ್ನೇ ಎಣಿಸಿದ್ರೆ ಯಾವ ಊರಲ್ಲೂ ಕಾಯಿಲೆ ಇರಲ್ಲ ಸಾರ್” ಎಂದು ಮೇಡಂ ಸಹಿ ಹಾಕದೆ ಎದ್ದರು. ಅವರ ಬಡ್ತಿ ಇನ್ಯಾರಿಗೋ ಹೋಯಿತು. “ಓಗ್ಲಿ ಬುಡು” ಎಂದು ನಕ್ಕು, ನನ್ನನ್ನು ಮತ್ತೆ ಅದೇ ಊರಿನ ಬಸ್ಸು ಹತ್ತಿಸಿದರು. ಕೊನೆಗೆ ಆಲೆಮನೆಯವರ ಕೆಮ್ಮು ಇದ್ದಷ್ಟೂ ವರದಿಗೆ ಬಂತು.

ಈಗ ನಾನೇ ಕಲಿಸುವವಳು. ಇವತ್ತು ಬೆಳಿಗ್ಗೆ ಬೆಂಗಳೂರಿನ ಸಭೆಯಲ್ಲಿ ನನಗೂ ಅದೇ ಬುದ್ಧಿವಾದ ಬಂತು: ಸಿಗದ ಮನೆ ಬಿಡಿ, ಪಕ್ಕದ್ದು ಸೇರಿಸಿ. ಆಗಲ್ಲ ಎಂದು ಮುಖಕ್ಕೇ ಹೇಳಿ ಎದ್ದು ಬಂದೆ. ಅದನ್ನು ಮೇಡಂಗೆ ಹೇಳಬೇಕು ಅನಿಸಿತು... ಹೋದ ವರ್ಷವೇ ತೀರಿಕೊಂಡಿದ್ದಾರೆಂದು ಗೊತ್ತಿದ್ದೂ, ಮಂಡ್ಯದಲ್ಲಿಳಿದು ಅವರ ಮನೆಗೆ ನಡೆದೆ.

ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ಗೇಟಿಗೆ ಬಂದು, “ಅವ್ರಿಲ್ಲ ಕಣಮ್ಮ. ನಮ್ಮನೆಗೆ ಬನ್ನಿ, ನೀರ್ ಕುಡ್ದು ಓಗಿ” ಎಂದರು.

ಬೇಡ ಎಂದೆ. ಈ ಬೀಗ ತೆಗೆಯಲು ಅವರು ಬರುವುದಿಲ್ಲ, ಗೊತ್ತು. ಆದರೂ ದೀಪ ಹಚ್ಚುವ ಹೊತ್ತಿನವರೆಗೂ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ.