ಶರ್ಟಿನ ಮೇಲಿನ ಸೀರೆ

ಮೊನ್ನೆ ಪಕ್ಕದ ಬೀದಿಯ ಹುಡುಗಿ ಫಾಲ್ ಹಾಕಿಸಲು ತಂದ ರೇಷ್ಮೆ ಸೀರೆಯ ಮಡಿಕೆ ಬಿಡಿಸಿದೆ. ಹೊಸ ರೇಷ್ಮೆಗೆ ಅದರದ್ದೇ ಒಂದು ವಾಸನೆ. ರಟ್ಟಿನ ಡಬ್ಬಿಯ ವಾಸನೆಯೂ ಅದಕ್ಕೆ ಸೇರಿಕೊಂಡರೆ ರಾಜಾಜಿನಗರದ ಆ ಅಂಗಡಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಅದರ ಬೆನ್ನಿಗೇ ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಕ್ಕ... ಅವತ್ತಿನ ಹೊಲಿಗೆ ಅಲ್ಲಿಗೇ ನಿಂತಿತು.

ಆ ಸೀರೆ ಅಂಗಡಿಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ ನನ್ನ ಮೆಷಿನ್ನು ಇತ್ತು. ಕೊಂಡ ಸೀರೆಗೆ ಅಲ್ಲೇ ಫಾಲ್, ಅಲ್ಲೇ ಝಿಗ್‌ಝಾಗ್. ಅಕ್ಕ ರೇಷ್ಮೆ ಕೌಂಟರಿನಲ್ಲಿ. ಆಗಿನ್ನೂ ನಾವೆಲ್ಲ ಅವಳನ್ನು ಅಣ್ಣ ಎನ್ನುತ್ತಿದ್ದೆವು. ಗಿರಾಕಿ ಯಾವ ಸೀರೆ ಎಂದು ತೋಚದೆ ಕೂತರೆ, ಅಕ್ಕ ಶರ್ಟು ಪ್ಯಾಂಟಿನ ಮೇಲೆಯೇ ಒಂದನ್ನು ಸುತ್ತಿ, ನೆರಿಗೆ ಹಿಡಿದು, ಸೆರಗು ಇಳಿಬಿಟ್ಟು ಕನ್ನಡಿ ಮುಂದೆ ತಿರುಗಿ ನಿಲ್ಲುತ್ತಿದ್ದಳು. ಸೀರೆ ಅಂಗಡಿಗಳಲ್ಲಿ ಇದು ಮಾಮೂಲು. ಗಂಡಸರೇ ಉಟ್ಟು ತೋರಿಸುತ್ತಾರೆ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬಸವೇಶ್ವರನಗರದಿಂದ ಮದುವೆ ಜವಳಿಗೆ ಬರುತ್ತಿದ್ದ ಹೆಂಗಸರಂತೂ ಅವಳ ಕೈ ಖಾಲಿಯಾಗುವವರೆಗೂ ಕಾಯುತ್ತಿದ್ದರು.

"ನನ್ ಸೊಸೆಗಿಂತ ನಿಂಗೇ ಒಪ್ಪತ್ತೆ ಕಣಪ್ಪ" ಎಂದು ಅವರಲ್ಲೊಬ್ಬರು ಅಂದರೆ, "ಹಂಗಾದ್ರೆ ಸೀರೆ ನಂಗೆ ಬಿಟ್ಟು ಸೊಸೇನ ಕರ್ಕೊಂಡೋಗಿ ಆಂಟಿ" ಎನ್ನುತ್ತಿದ್ದಳು. ಗಲ್ಲಾದಲ್ಲಿ ಕೂತ ಯಜಮಾನರೂ ನಗುತ್ತಿದ್ದರು.

ಒಂದು ಯುಗಾದಿ ಕಳೆದ ಮೇಲೆ ಅಕ್ಕ ತನ್ನದೇ ಸೀರೆ ಉಟ್ಟು ಕೆಲಸಕ್ಕೆ ಬಂದಳು. ಹಸಿರು ಹತ್ತಿ ಸೀರೆ, ಸಣ್ಣ ಅಂಚು. ಸೀದಾ ನನ್ನ ಮೆಷಿನ್ನಿನ ಹತ್ತಿರ ಬಂದು, "ಇನ್ಮೇಲೆ ಅಕ್ಕ ಅನ್ನು ಕಣೇ. ಚಿಕ್ಕೋಳಿದ್ದಾಗಿಂದ ನಾನು ಹಿಂಗೇ. ಧೈರ್ಯ ಈಗ ಬಂತು" ಎಂದಳು.

"ಬಾಯಿಗೆ ರೂಢಿ ಆಗ್ಬೇಕಲ್ಲ, ಒಂದು ವಾರ ಟೈಮ್ ಕೊಡು."

"ತಗೋ. ತಪ್ಪಿದಾಗೆಲ್ಲ ಕಾಫಿ ನಿಂದು."

ಯಜಮಾನರು ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಅವರು ಬೈಯಲಿಲ್ಲ. ನಮ್ಮಜ್ಜಿ ಹೇಳುತ್ತಿದ್ದ ಬಾಯಲ್ಲಿಟ್ಟ ಬಿಸಿತುಪ್ಪದ ಹಾಗೆ, ಅವರಿಗೆ ನುಂಗಲೂ ಆಗದು, ಉಗುಳಲೂ ಆಗದು. "ಗಿರಾಕಿಗಳು ಏನಂತಾರೋ... ಸ್ವಲ್ಪ ದಿನ ಮೇಲೆ ಗೋಡೌನ್ ನೋಡ್ಕೊ" ಎಂದರು. ಕಿಟಕಿಯಿಲ್ಲದ ಕೋಣೆ ಅದು. ಬಂದ ಸೀರೆ ಬಿಚ್ಚಿ, ಮಡಿಚಿ, ಡಬ್ಬಿಗೆ ತುಂಬುವ ಕೆಲಸ. ಸ್ವಲ್ಪ ದಿನ ಎಂದದ್ದು ಶ್ರಾವಣ ದಾಟಿತು.

ಅಷ್ಟರಲ್ಲಿ ಪರಿಚಯದ ವಕೀಲೆಯೊಬ್ಬರು ಅವಳಿಗೆ ಹೇಳಿದ್ದರು: ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೆ ಕೆಲಸದಲ್ಲಿ ಭೇದ ಮಾಡುವಂತಿಲ್ಲವೆಂದು ಕಾನೂನು ಬಂದಿದೆ, ಕೆಲಸದ ಕಡೆ ದೂರು ಕೇಳಲು ಒಬ್ಬರು ಇರಬೇಕು. ಅಕ್ಕ ಕೆಳಗಿಳಿದು ಗಲ್ಲಾದ ಮುಂದೆ ನಿಂತಳು. "ಸಾರ್, ನಮ್ಮಂಗಡೀಲಿ ದೂರು ಕೇಳೋರು ಯಾರು?"

ಯಜಮಾನರು ಕನ್ನಡಕ ಏರಿಸಿಕೊಂಡು, "ನಾನೇ. ಹೇಳಪ್ಪ" ಎಂದರು.

ಊಟದ ಹೊತ್ತಿನಲ್ಲಿ ನಾವಿಬ್ಬರೂ ಅದನ್ನು ನೆನೆದು ಬಹಳ ನಕ್ಕೆವು. ನಗುತ್ತ ನಗುತ್ತಲೇ ಅಕ್ಕ ಅರ್ಧ ಉಂಡ ಡಬ್ಬಿ ಮುಚ್ಚಿಟ್ಟಳು.

ಕಾರ್ತಿಕದಲ್ಲಿ ಮದುವೆಗಳು ಶುರುವಾದವು. ಬಸವೇಶ್ವರನಗರದ ಆ ಹೆಂಗಸರು ಬಂದು, "ಉಟ್ಟು ತೋರಿಸ್ತಿದ್ನಲ್ಲ ಆ ಹುಡುಗ, ಎಲ್ಲಿ?" ಎಂದು ಪಟ್ಟು ಹಿಡಿದರು. ಯಜಮಾನರು ದಡದಡನೆ ಮೆಟ್ಟಿಲು ಹತ್ತಿದರು. ಮೆಟ್ಟಿಲ ಕೆಳಗೇ ಕೂತ ನನಗೆ ಒಂದೊಂದು ಮಾತೂ ಕೇಳಿಸುತ್ತಿತ್ತು.

"ಇದನ್ನ ಬಿಚ್ಚಿಟ್ಟು ಶರ್ಟು ಪ್ಯಾಂಟಲ್ಲಿ ಬಾ. ಎರಡು ಸೀರೆ ಉಟ್ಟು ತೋರಿಸು, ಸಾಕು."

"ಸೀರೇಲೇ ನಿಂತಿದೀನಲ್ಲ ಸಾರ್. ಹಿಂಗೇ ಬಂದು ತೋರಿಸ್ತೀನಿ."

"ಕೌಂಟರಿಗೆ ಬರೋದಾದ್ರೆ ಶರ್ಟಲ್ಲಿ. ಇಲ್ದಿದ್ರೆ ನಾಳೆಯಿಂದ ಬರೋದೇ ಬೇಡ."

ಆಮೇಲೆ ಅಕ್ಕ ಚೀಲ ಹಿಡಿದು ಇಳಿದು ಬಂದಳು, ಆ ಹೆಂಗಸರ ನಡುವೆಯೇ ಹಾದು ಹೊರಟಳು. ಅವರು ಗುರುತು ಹಿಡಿಯಲಿಲ್ಲ. ಯಾರೋ ಹೆಂಗಸು ಎಂದು ಸರಿದು ದಾರಿ ಬಿಟ್ಟರು.

"ನಾನು ತೆಗೆದಿಲ್ಲ, ಅವನೇ ಬಿಟ್ಟ" ಎಂದು ಯಜಮಾನರು ಎಲ್ಲರ ಮುಂದೆ ಹೇಳಿದರು. ವಕೀಲೆ ದೂರು ಹಾಕಿದರು. ಮಹಡಿಯ ಮೇಲೆ ಆಡಿದ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳಿ ಸಹಿ ಹಾಕಿದೆ. ಹೆಚ್ಚು ದಿನವಾಗಲಿಲ್ಲ, ಯಜಮಾನರು ನನ್ನ ಹತ್ತಿರ ಬಂದು, "ಗಿರಾಕಿಗಳು ಓಡಾಡಕ್ಕೆ ಜಾಗ ಸಾಲ್ತಿಲ್ಲಮ್ಮ, ಮೆಷಿನ್ ತಗೊಂಡೋಗು" ಎಂದರು. ಹೇರೋಹಳ್ಳಿ ರಸ್ತೆಯ ಗುಂಡಿಗಳಲ್ಲಿ ಕುಲುಕಿಸಿಕೊಂಡು ಆಟೋದಲ್ಲಿ ಮೆಷಿನ್ನನ್ನು ಮನೆಗೆ ತಂದೆ.

ವಿಷಯ ತಿಳಿದು ಅಕ್ಕ ಬಂದಳು. ನಡುಮನೆಯಲ್ಲಿದ್ದ ಮೆಷಿನ್ ನೋಡಿದವಳು ಕೂರಲೇ ಇಲ್ಲ.

"ನಿನ್ ಹೊಟ್ಟೆ ಮೇಲೆ ಹೊಡೆಸಿ ನಂಗೆ ಕೌಂಟರ್ ಬೇಡ ಕಣೇ."

"ಹೊಡೆದಿದ್ದು ಅವ್ರು. ನೀನ್ಯಾಕೆ ದೂರು ಬಿಡ್ತೀಯ? ನಂಗೆ ಮನೇಲೇ ಕೆಲಸ ಬರತ್ತೆ" ಎಂದೆ. ನಿಂತೇ ಕಾಫಿ ಕುಡಿದಳು, ಲೋಟ ತೊಳೆದಿಟ್ಟಳು, ಹೋದಳು. ಮರುದಿನವೇ ದೂರು ವಾಪಸ್ ತೆಗೆದುಕೊಂಡಳಂತೆ. ನಾನು ವಿಜಯನಗರದ ಅವಳ ರೂಮಿಗೆ ಹೋಗುವ ಹೊತ್ತಿಗೆ ಬೀಗ ಬಿದ್ದಿತ್ತು. ಫೋನ್ ಸ್ವಿಚ್ ಆಫ್. ಮೈಸೂರಿಗೆ ಹೋದಳು ಎಂದರು ಕೆಲವರು, ಇನ್ನು ಕೆಲವರು ಬೇರೆ ಏನೇನೋ...

ಹೋದ ತಿಂಗಳು ಆ ವಕೀಲೆ ಫೋನ್ ಮಾಡಿದ್ದರು. ಅಕ್ಕ ಒಪ್ಪಿದರೆ ಮತ್ತೆ ಪ್ರಯತ್ನಿಸಬಹುದು ಎಂದರು. "ನೀವು ಈಗ್ಲೂ ಸಾಕ್ಷಿ ಹೇಳ್ತೀರಾಮ್ಮ?"

"ಯಾವತ್ತು ಕರೆದ್ರೂ ಬರ್ತೀನಿ ಮೇಡಂ."

"ಸರಿ. ಅವರ ನಂಬರ್ ಕೊಡಿ, ಮಾತಾಡ್ತೀನಿ."

ನನ್ನಲ್ಲಿದ್ದದ್ದು ಸ್ವಿಚ್ ಆಫ್ ಆಗಿದ್ದ ಅದೇ ಹಳೆಯ ನಂಬರು. ಅವರಲ್ಲಿ ಬೇರೆ ಇದ್ದೀತು ಎಂದುಕೊಂಡಿದ್ದೆ. ನಾನು ಒಂದೊಂದೇ ಅಂಕಿ ಓದುತ್ತ ಹೋದೆ, ಅವರು ಆ ಕಡೆಯಿಂದ ಹೂಂ, ಹೂಂ ಎನ್ನುತ್ತ ಬಂದರು. ಕೊನೆಯ ಅಂಕಿಯವರೆಗೂ ಅವರಲ್ಲಿದ್ದದ್ದೂ ಅದೇ ನಂಬರು.