ಮಣೆಯ ಹಿಂಬದಿ

ನಮ್ಮ ಮನೆಯವರ ತಿಥಿಯ ದಿನ, ಅವರು ಕೂತು ಉಣ್ಣುತ್ತಿದ್ದ ಹಲಸಿನ ಮಣೆಯನ್ನು ದಾನ ಕೊಟ್ಟುಬಿಟ್ಟರು. ತೀರಿಕೊಂಡವರು ಬಳಸಿದ ಹಾಸಿಗೆ, ಚೊಂಬು, ಕೊಡೆ, ಮಣೆ ತಿಥಿ ಮಾಡಿಸುವ ಅಯ್ಯನವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕೊಡುವ ಮುಂಚೆ ಯಾರೂ ಆ ಮಣೆಯನ್ನು ತಿರುಗಿಸಿ ನೋಡಲಿಲ್ಲ. ಅದರ ಹಿಂಬದಿಯಲ್ಲಿ ಹುಲಿ-ಕುರಿ ಆಟದ ಗೆರೆಗಳಿದ್ದವು. ಮದುವೆಯಾದ ಹೊಸದರಲ್ಲಿ ಅವರೇ ಉಳಿ ಹಿಡಿದು ಕೊರೆದದ್ದು.

ಕೊಳ್ಳೇಗಾಲದಲ್ಲಿ ನಮ್ಮದು ಒಂದೇ ಮಗ್ಗದ ಮನೆ. ಮಧ್ಯಾಹ್ನ ಊಟವಾದ ಮೇಲೆ, ಸೀರೆ ನೇಯಲು ಮತ್ತೆ ಕೂರುವ ಮುಂಚೆ, ಮಣೆಯನ್ನು ಬೋರಲು ಹಾಕಿ ಒಂದಾಟ ಆಡುತ್ತಿದ್ದೆವು. ಒಡೆದ ಲಾಳಿಯಿಂದ ಕೊಯ್ದ ಮರದ ತುಂಡುಗಳು ಹುಲಿ, ಹುಣಸೆ ಬೀಜಗಳು ಕುರಿ. ನನ್ನ ತವರು ಹನೂರಿನಾಚೆ ರಾಮಾಪುರ. ನಮ್ಮ ಕಡೆ ಹುಲಿ ಒಂದೇ ಸರದಿಯಲ್ಲಿ ಎರಡು ಕುರಿಗಳ ಮೇಲೆ ನೆಗೆದು ಎರಡನ್ನೂ ತಿನ್ನಬಹುದು. ಅವರು ಮಾತ್ರ ಒಂದು ಸರದಿಗೆ ಒಂದೇ ಅನ್ನುತ್ತಿದ್ದರು.

“ನಿಮ್ಮೂರು ಕಾಡಂಚು, ಅಲ್ಲಿ ಹುಲಿಗೆ ಹಸಿವು ಜಾಸ್ತಿ. ಇದು ಪ್ಯಾಟೆ ಹುಲಿ ಕಣೆ, ಅಳತೆ ಮಾಡ್ಕಂಡು ತಿಂತದೆ.”

“ಸೋಲ್ತೀನಿ ಅಂತ ಭಯ ನಿಮ್ಗೆ. ಅದ ಒಪ್ಕಳಿ.”

ಅವರು ಕೊನೆಯವರೆಗೂ ಒಪ್ಪಲಿಲ್ಲ. ನಾನೂ ಬಿಡಲಿಲ್ಲ.

ಮಣೆ ಕೊಟ್ಟಾಗ ನಾನು ಒಳಕೋಣೆಯಲ್ಲಿದ್ದೆ. ಮಾರನೆಯ ದಿನ ಹುಡುಕಿದಾಗಲೇ ಗೊತ್ತಾದದ್ದು. ವಾರಗಿತ್ತಿಯನ್ನು ಕೇಳಿದೆ.

“ಊಟದ ಮಣೆ ಅಲ್ವೇನವ್ವ ಅದು? ಆಟದ್ದು ಅಂತ ನಂಗೇನು ಕನಸು ಬಿದ್ದಿತ್ತಾ? ಬೇರೆ ಮಾಡಿಸ್ಕಂಡ್ರಾಯ್ತು ಬುಡು.”

ಎಲ್ಲರೂ ಅದನ್ನೇ ಹೇಳಿದರು. ಬೇರೆ ಮಾಡಿಸಿಕೋ. ಕೇಳಿ ಕೇಳಿ ನನಗೆ ರೇಗಿಹೋಯಿತು. ಬಡಗಿಯಿಂದ ಅದೇ ಅಳತೆಯ ಹೊಸ ಮಣೆ ಮಾಡಿಸಿದೆ, ಆದರೆ ನನಗೆಂದಲ್ಲ. ಬದಲಿಗೆ ಕೊಟ್ಟು ಹಳೆಯದನ್ನು ಬಿಡಿಸಿಕೊಂಡು ಬರೋಣವೆಂದು ಅಯ್ಯನವರಿರುವ ಯಳಂದೂರಿನ ಬಸ್ಸು ಹತ್ತಿದೆ.

ಅಯ್ಯನವರ ಮನೆಯಲ್ಲಿ ಮಣೆ ಕುಡಿಯುವ ನೀರಿನ ಬಿಂದಿಗೆಯ ಕೆಳಗಿತ್ತು. ಅಂಚು ಆಗಲೇ ನೆನೆದು ಕಪ್ಪಾಗಿತ್ತು. ನಾನು ಹೊಸ ಮಣೆಯನ್ನು ಮುಂದಿಟ್ಟು ಬಂದ ಕಾರಣ ಹೇಳಿದೆ.

ಅಯ್ಯನವರು ಅದನ್ನು ಮುಟ್ಟಲೂ ಇಲ್ಲ. “ತಪ್ಪು ತಿಳ್ಕಬೇಡಿ ಕಣವ್ವ. ಅವ್ರ ಹೆಸ್ರಲ್ಲಿ ಕೊಟ್ಟಾಗದೆ. ಅದು ವಾಪಸ್ ಮನೆಗೋದ್ರೆ, ಅಲ್ಲಿ ಅವ್ರಿಗೆ ಕೂರಕ್ಕೆ ಮಣೆ ಇರಾಕಿಲ್ಲ.”

ಕೂರಲು ಮಣೆಯೇನೋ ಇದೆ, ಎದುರಿಗೆ ಆಡಲು ಯಾರಿದ್ದಾರೆ ಎಂದು ಕೇಳಬೇಕೆನ್ನಿಸಿತು. ಒಂದು ಸಲ ತಿರುಗಿಸಿ ತೋರಿಸಿ ಎಂದಷ್ಟೇ ಅಂದೆ.

ಅಯ್ಯನವರ ತಾಯಿ ಬಿಂದಿಗೆ ಇಳಿಸಿ, ಮಣೆ ಮಗುಚಿ, ಸೆರಗಿನಿಂದ ಒರೆಸಿದರು. “ಅಯ್ಯ, ಹುಲಿ-ಕುರಿ ಅಲ್ವಾ ಇದು? ಬಾ ಕುತ್ಕ, ಒಂದಾಟ ಆಡದ. ಬಸ್ಸೇನು ನಿನ್ ಬುಟ್ಟು ಓಡೋಯ್ತದಾ?”

ಬೇಡವೆನ್ನಲಾಗಲಿಲ್ಲ. ಅವರೆಕಾಳು ತಂದು ನನಗೆ ಕೊಟ್ಟು, ಬಾಗಿಲ ಮುಂದೆ ಆರಿಸಿದ ಮೂರು ಕಲ್ಲುಗಳನ್ನು ಹುಲಿಯಾಗಿ ತಾವಿಟ್ಟುಕೊಂಡರು. ಗೆರೆಯ ಸಂದಿಗಳಲ್ಲಿ ಒದ್ದೆ ಮಣ್ಣು ಕೂತಿತ್ತು. ಅದನ್ನು ಉಗುರಿನಿಂದ ಕೆರೆಯುತ್ತಾ ಕುರಿ ಇಡುತ್ತಾ ಹೋದೆ. ಆಟ ಅರ್ಧಕ್ಕೆ ಬಂದಾಗ ಅವರ ಹುಲಿ ಒಂದು ಕುರಿ ದಾಟಿತು, ಹಾಗೇ ಇನ್ನೊಂದನ್ನೂ ದಾಟಿತು. ಎರಡು ಕಾಳು ಅವರ ಮುಷ್ಟಿ ಸೇರಿದವು.

“ಒಂದೇ ಅಮ್ಮ,” ಅಂದೆ.

“ಯಾವೂರ ಲೆಕ್ಕ ಅದು? ನಮ್ಮಲ್ಲಿ ಎಲ್ಡು ನೆಗೀತದೆ.”

ನಮ್ಮಲ್ಲೂ ಅಷ್ಟೇ. ಇಷ್ಟು ವರ್ಷ ಅದಕ್ಕಾಗಿಯೇ ಜಗಳ ಆಡಿದವಳು ನಾನು.

“ಈ ಮಣೇಲಿ ಒಂದೇ.”

ನನ್ನ ದನಿ ನನಗೇ ಒರಟಾಗಿ ಕೇಳಿಸಿತು. ಅವರು ನನ್ನ ಮುಖ ನೋಡಿ, ಹುಲಿಯನ್ನು ಹಿಂದೆ ಸರಿಸಿ, ಒಂದು ಕಾಳನ್ನು ಅದರ ಜಾಗಕ್ಕೇ ಇಟ್ಟರು.

ಆದರೂ ಆ ಆಟ ಸೋತೆ. ಮುಗಿದ ಮೇಲೆ ಅವರು ಮಣೆಯನ್ನು ಮೊದಲಿನಂತೆ ಮಗುಚಿ, ಬಿಂದಿಗೆಯನ್ನು ಮತ್ತೆ ಅದರ ಮೇಲೇ ಇಟ್ಟರು. ಹೊಸ ಮಣೆಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸು ಬಂದೆ. ಪಕ್ಕದ ಸೀಟಿನಾಕೆ ಅದನ್ನು ಹಸೆಮಣೆಯೆಂದುಕೊಂಡು, ಯಾರ ಮದುವೆಗೆ ಎಂದು ಕೇಳಿದಳು.