ಶಿವನಂಜಮ್ಮನ ನಾಲ್ಕನೆಯ ಅರ್ಜಿ

ಕೊಳ್ಳೇಗಾಲದ ತಾಲ್ಲೂಕು ಕಚೇರಿಯ ಎದುರು, ಹುಣಸೆಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದ ಕೆಂಪನಂಜಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ನಪಾಸಾಗಿದ್ದರು. ಎರಡು ಸಲವೂ ಇಂಗ್ಲಿಷಿನಲ್ಲಿ ಮಾತ್ರ. ಆ ಮುಳ್ಳು ಹದಿನಾಲ್ಕು ವರ್ಷವಾದರೂ ಒಳಗೇ ಇತ್ತು. ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ಹಿಂದಿನ ದಿನದ ಇಂಗ್ಲಿಷ್ ಪತ್ರಿಕೆ ಇಸಿದುಕೊಂಡು ಸಂಪಾದಕೀಯ ಓದುವರು. ಪತ್ರಿಕೆ ಮಡಚಿಟ್ಟು ನೆನಪಿನಿಂದ ಬರೆಯುವರು. ಮತ್ತೆ ಬಿಚ್ಚಿ ತಾಳೆ ನೋಡಿ, ತಪ್ಪಿದಲ್ಲೆಲ್ಲ ಕೆಂಪು ಗೆರೆ ಎಳೆಯುವರು. 1959ರ ಹೊತ್ತಿಗೆ ಗೆರೆಗಳು ದಿನಕ್ಕೆ ಮೂರೋ ನಾಲ್ಕೋ ಆಗಿದ್ದವು. ಅಷ್ಟರಲ್ಲಿ ಕಣ್ಣೂ ಸೋತಿತ್ತು.

ಬರೆದ ಅರ್ಜಿಯನ್ನು ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿ ಹೇಳುವುದು ಅಲ್ಲಿಯ ರೂಢಿ. ಕೇಳುವವರಿಗೆ ಒಂದಕ್ಷರ ತಿಳಿಯದು. ಆದರೂ ಓದುವವನಿಗೆ ಏದುಸಿರು ಬಂದರಷ್ಟೇ ಅವರಿಗೆ ಸಮಾಧಾನ. ತಲೆದೂಗಿ ಹೆಬ್ಬೆಟ್ಟು ಒತ್ತುವರು.

ಹೂಗ್ಯಂನ ಶಿವನಂಜಮ್ಮನ ಗಂಡ ತೀರಿಕೊಂಡಿದ್ದ. ಎರಡೆಕರೆಯ ಖಾತೆ ಅವಳ ಹೆಸರಿಗೆ ಆಗಬೇಕಿತ್ತು. ಮಳೆ ಬಿದ್ದ ಕೂಡಲೇ ತಾನೇ ಆ ಹೊಲಕ್ಕೆ ಆರು ಕಟ್ಟಿ ಉಳುವುದಾಗಿ ಮೈದುನ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕೆಂಪನಂಜಪ್ಪ ಬರೆದುಕೊಟ್ಟ ಅರ್ಜಿ ಮಾತ್ರ 'ಕೋರಿಕೆ ಸ್ಪಷ್ಟವಿಲ್ಲ' ಎಂಬ ಷರಾದೊಡನೆ ವಾಪಸು ಬಂತು. ತಮ್ಮ ಇಂಗ್ಲಿಷ್ ಇನ್ನೂ ಸಾಲದೆಂದುಕೊಂಡು ಅವರು ಮತ್ತಷ್ಟು ಎತ್ತರದ ಮಾತು ಹಾಕಿ ಬರೆದರು. ಅದೂ ವಾಪಸು. ಮೂರನೆಯದು ಎರಡು ಪುಟವಾಯಿತು.

ಅದನ್ನು ಹಿಡಿದು ಗುಮಾಸ್ತ ಚೆನ್ನಯ್ಯನೇ ಮರದ ಕೆಳಗೆ ಬಂದ.

"ಏನ್ ಕೆಂಪನಂಜಪ್ನೋರೇ, ಸಾಯೇಬ್ರು ಎಲ್ಡು ಸಲ ಓದುದ್ರು. ಕೊನೇಗೆ 'ಈ ಯಮ್ಮಂಗೆ ಏನಯ್ಯಾ ಬೇಕು?' ಅಂತ ನನ್ನೇ ಕೇಳುದ್ರು!"

ಕೆಂಪನಂಜಪ್ಪ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಹದಿನಾಲ್ಕು ವರ್ಷದ ದಣಿವು ಒಟ್ಟಿಗೆ ಮೈಮೇಲೆ ಬಂದಂತಾಯಿತು. ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಿದ್ದ ಶಿವನಂಜಮ್ಮನ ಕಡೆ ತಿರುಗಿದರು.

"ನಿಂಗೇನವ್ವಾ ಬೇಕು? ನಿನ್ ಬಾಯಲ್ಲೇ ಏಳು."

"ಇದೇನ್ ಸಾ, ಗೊತ್ತಿಲ್ದಂಗೆ ಕೇಳ್ತೀರಿ? ಗಂಡ ಸತ್ತೋದ. ಒಲ ನಂದು. ನನ್ ಎಸ್ರಿಗೆ ಮಾಡ್ಕೊಡಿ. ಇನ್ನೇನಿದ್ದದು?"

ಅಷ್ಟನ್ನೇ ಇಂಗ್ಲಿಷಿನಲ್ಲಿ ಬರೆದರು. ಸರ್ವೆ ನಂಬರು, ಗಂಡ ಸತ್ತ ತಾರೀಖು ಸೇರಿ ಐದು ಸಾಲು. ಇಷ್ಟು ಚಿಕ್ಕದಾಗಿ ಬರೆಯಲು ಅವರ ಕೈ ಎರಡು ಸಲ ಹಿಂಜರಿಯಿತು. ಓದಿ ಹೇಳಿದರು. ಶಿವನಂಜಮ್ಮ ಇನ್ನೂ ಇದೆಯೆಂದು ಕಾದಳು.

"ಇಷ್ಟೇಯಾ? ಬಸ್ಸತ್ತಿ ಬಂದದ್ದು ಇಷ್ಟುಕ್ಕೇಯಾ ಸಾ?"

"ಒತ್ತವ್ವಾ."

ಒಲ್ಲದ ಮನಸ್ಸಿನಿಂದ ಹೆಬ್ಬೆಟ್ಟು ಒತ್ತಿ ಒಳಗೆ ಹೋದಳು. ಕೆಂಪನಂಜಪ್ಪ ಮಸಿಯ ಕೈ ಒರೆಸಿಕೊಂಡು ಮರಕ್ಕೆ ಒರಗಿದರು. ಬೇರೊಬ್ಬನಿಗೆ ಬರೆಯಲು ಕಾಗದ ತೆಗೆಯಲೂ ಮನಸ್ಸಾಗಲಿಲ್ಲ.

ಅರ್ಧ ಗಂಟೆಯಲ್ಲಿ ಅವಳು ಹೊರಗೆ ಬಂದಳು.

"ಸೋಮಾರ ಇನಿಸ್ಪೆಕ್ಟ್ರು ಒಲುಕ್ಕೆ ಬತ್ತಾರಂತೆ. ನನ್ ಎಸ್ರಿಗೇ ಬರ್ಕತಾರಂತೆ."

"ಒಳ್ಳೇದಾಯ್ತು, ಓಗ್ಬಾ."

ಅವಳು ನಾಲ್ಕು ಹೆಜ್ಜೆ ಹೋದವಳು ನಿಂತಳು.

"ಆದ್ರೂ ಸಾ, ಮುಂದ್ಲ ಸಲ ಒಸಿ ದೊಡ್ದಾಗೇ ಬರ್ಕೊಡಿ. ಅಷ್ಟು ಜನದ ಮುಂದೆ ಐದು ಸಾಲು ಇಡ್ಕೊಂಡು ನಿಂತ್ಕಳಕ್ಕೆ ಮಾನ ಓಯ್ತದೆ."